ಆರಿದ ಮೇಲೆ ತಾನೇ ಹೊತ್ತಿಕೊಳ್ಳುತ್ತಾ? ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ, ಒಂದೂವರೆ ವರ್ಷದ ಬಳಕೆಯ ನಂತರ

ನಮ್ಮ ಅಮ್ಮನಿಗೆ ದಿನಕ್ಕೆ 15 ಗಂಟೆಗಿಂತ ಜಾಸ್ತಿ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮೆಷಿನ್, ಬೇಕು. ನಿಮಿಷಕ್ಕೆ ಐದು ಲೀಟರಿನದು, ಸುಮಾರು 330 ವ್ಯಾಟ್ ಎಳೆಯುತ್ತದೆ. ಕರೆಂಟ್ ಹೋದ ತಕ್ಷಣ ಅದು ಕೀಂಯ್ ಅಂತ ಕೂಗಿಕೊಳ್ಳುತ್ತದೆ. ಆ ಶಬ್ದ ಕೇಳಿ ಎದ್ದು, ಕತ್ತಲಲ್ಲಿ ಸಿಲಿಂಡರಿನ ಕೀಲಿ ತಿರುಗಿಸಿದವರಿಗೆ ಈ ವಿಮರ್ಶೆ ಯಾಕೆ ಇಷ್ಟು ಉದ್ದ ಇದೆ ಅಂತ ಹೇಳಬೇಕಾಗಿಲ್ಲ.

ಮನೆಯ ಮೇಲೆ ಮೊದಲಿನಿಂದಲೂ 3 ಕಿಲೋವ್ಯಾಟ್ ಸೋಲಾರ್ ಇತ್ತು. ಹಾಕಿಸಿದ ಮೊದಲ ತಿಂಗಳಲ್ಲೇ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಸುಡು ಬಿಸಿಲು, ಪ್ಯಾನೆಲ್ ಮುಟ್ಟಿದರೆ ಕೈ ಚುರುಕ್ ಅನ್ನುತ್ತಿತ್ತು. ಒಳಗೆ ನೋಡಿದರೆ ಒಂದು ಬಲ್ಬೂ ಇಲ್ಲ. ಮೋಸ ಹೋದೆವು ಅಂದುಕೊಂಡೆ. ಆಮೇಲೆ ತಿಳಿಯಿತು, ಅದು ಕೆಟ್ಟಿರಲಿಲ್ಲ. ಗ್ರಿಡ್‌ಗೆ (ಬೀದಿಯ ಲೈನು ಸೇರಿದ ವಿದ್ಯುತ್ ಜಾಲಕ್ಕೆ) ಕಟ್ಟಿದ ಸಾಮಾನ್ಯ ಸೋಲಾರ್ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಗೊತ್ತಾದ ಕೂಡಲೇ ನಿಲ್ಲಬೇಕು. ಐಇಇಇ ಅನ್ನುವ ಎಂಜಿನಿಯರುಗಳ ಸಂಸ್ಥೆಯ 1547 ಮಾನದಂಡದ ಪ್ರಕಾರ 2 ಸೆಕೆಂಡಿನ ಒಳಗೆ. ಇಲ್ಲದಿದ್ದರೆ ಸತ್ತ ಲೈನ್ ಅಂತ ನಂಬಿ ಕಂಬ ಹತ್ತಿದವನಿಗೆ ನಮ್ಮ ಮನೆಯಿಂದ ಕರೆಂಟ್ ಹೊಡೆಯುತ್ತದೆ.

ಇನ್ನೊಂದು ಕಾರಣವೂ ಇದೆ. ಆ ಇನ್ವರ್ಟರಿಗೆ ಸ್ವಂತ ಶ್ರುತಿ ಇಲ್ಲ. ಗ್ರಿಡ್ ಶ್ರುತಿ ಹಿಡಿದರೆ ಮಾತ್ರ ಅದು ಜೊತೆಗೆ ಹಾಡುತ್ತದೆ. ವೋಲ್ಟೇಜ್ ಎಷ್ಟು, ಫ್ರೀಕ್ವೆನ್ಸಿ ಎಷ್ಟು ಅಂತ ತಾನೇ ತೀರ್ಮಾನಿಸಿ ಕೊಡುವ ಇನ್ವರ್ಟರ್ ಬೇರೆ ಜಾತಿ. ಅದಕ್ಕೆ ಗ್ರಿಡ್ ಫಾರ್ಮಿಂಗ್ ಅನ್ನುತ್ತಾರೆ. 28 ಏಪ್ರಿಲ್ 2025ರಂದು ಸ್ಪೇನ್ ಮತ್ತು ಪೋರ್ಚುಗಲ್ ಎರಡೂ ದೇಶದ ಮುಖ್ಯ ಭೂಭಾಗ ಕತ್ತಲಾದದ್ದು ಸ್ಪೇನಿನ ಹಗಲು 12:33ಕ್ಕೆ. ನೆತ್ತಿಯ ಮೇಲೆ ಸೂರ್ಯ, ಸಾವಿರಾರು ಮನೆಗಳ ಮೇಲೆ ಪ್ಯಾನೆಲ್. ಬ್ಯಾಟರಿ ಮತ್ತು ಬ್ಯಾಕಪ್ ಇಲ್ಲದ ಮನೆಗಳಲ್ಲಿ ಆ ಪ್ಯಾನೆಲ್‌ಗಳಿಂದ ಒಂದು ದೀಪವೂ ಉರಿಯಲಿಲ್ಲ. ಆ ಸುದ್ದಿ ಓದಿದಾಗ ನನಗೆ ನಮ್ಮ ಮನೆಯ ಆ ಮಧ್ಯಾಹ್ನವೇ ಕಣ್ಣ ಮುಂದೆ ಬಂತು.

ನಾನು ಕೊಂಡದ್ದು 5 ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರ್, ಅಂದರೆ ಪ್ಯಾನೆಲ್, ಬ್ಯಾಟರಿ, ಗ್ರಿಡ್ ಮೂರನ್ನೂ ಸಂಭಾಳಿಸಿ, ಗ್ರಿಡ್ ಇಲ್ಲದಾಗ ತಾನೇ ಶ್ರುತಿ ಹಿಡಿಯುವಂಥದ್ದು, ಜೊತೆಗೆ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಒಂದೊಂದೂ 51.2 ವೋಲ್ಟ್, 100 ಆಂಪಿಯರ್ ಅವರ್. ಲೆಕ್ಕ ಹಾಕಿದರೆ ಎರಡೂ ಸೇರಿ 10.24 ಯೂನಿಟ್. ಹೊಸದಾಗಿ 2 ಕಿಲೋವ್ಯಾಟ್ ಪ್ಯಾನೆಲ್ ನೇರವಾಗಿ ಇದಕ್ಕೆ ಹಾಕಿಸಿದೆ. ಹಳೆಯ 3 ಕಿಲೋವ್ಯಾಟ್ ಸೋಲಾರನ್ನು ಅದರ ಬ್ಯಾಕಪ್ ಲೈನಿಗೆ, ಅಂದರೆ ಗ್ರಿಡ್ ಹೋದಾಗಲೂ ಮನೆಗೆ ಕರೆಂಟ್ ಕೊಡುವ ಲೈನಿಗೆ, ಸೇರಿಸಿದರು. ಕಂಪನಿ ಹೆಸರು ಬರೆಯುವುದಿಲ್ಲ. ಹೆಚ್ಚುಕಡಿಮೆ ಇದೇ ಡಬ್ಬ ಹಲವು ಹೆಸರಲ್ಲಿ ಮಾರಾಟ ಆಗುತ್ತದೆ, ಮತ್ತು ನಾನು ಹೇಳುವ ಮುಖ್ಯ ವಿಷಯ ಡಬ್ಬಕ್ಕಿಂತ ಅದರ ಸೆಟ್ಟಿಂಗಿಗೆ ಸೇರಿದ್ದು.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಕರೆಂಟ್ ಹೋದದ್ದು ಗೊತ್ತೇ ಆಗುವುದಿಲ್ಲ. ಗೋಡೆಯ ಒಳಗೆ ರಿಲೇ ಟಕ್ ಅನ್ನುತ್ತದೆ, ಅಷ್ಟೆ. ಕಾನ್ಸಂಟ್ರೇಟರ್ ಕೂಗುವುದಿಲ್ಲ, ರೂಟರ್ ಆಫ್ ಆಗುವುದಿಲ್ಲ. ಮೊದಲ ಸಲ ಹಾಗಾದಾಗ ಅಮ್ಮ ಪಕ್ಕದ ಮನೆ ಕತ್ತಲಾಗಿದ್ದನ್ನು ಕಿಟಕಿಯಿಂದ ನೋಡಿ, "ಅವರ ಮನೇಲಿ ಫ್ಯೂಸ್ ಹೋಗಿರಬೇಕು ಕಣೇ" ಅಂದರು. ಇಡೀ ಬೀದಿಗೆ ಕರೆಂಟ್ ಇರಲಿಲ್ಲ.

ಹೀಗೆ ಐದಾರು ತಿಂಗಳು. ಒಂದು ಗಂಟೆ, ಎರಡು ಗಂಟೆ ಕರೆಂಟ್ ಹೋಗುವುದು, ಬರುವುದು. ಆಗ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಟ್ಟಿರುತ್ತಿದ್ದೆ.

ಆಮೇಲೆ ಗಾಳಿ ಬಂತು. ಮರ ಬಿದ್ದು ಮೂರು ಕಂಬ ಮುರಿದವು. ಒಟ್ಟು 62 ಗಂಟೆ ಕರೆಂಟ್ ಇರಲಿಲ್ಲ.

ಮೊದಲ ರಾತ್ರಿ ಆರಾಮಾಗಿ ಕಳೆಯಿತು. ಪಕ್ಕದ ಮನೆಯವಳು ಒಂದು ಸಣ್ಣ ಡಬ್ಬ ಹಿಡಿದು ಬಾಗಿಲಿಗೆ ಬಂದಳು. "ಅಕ್ಕಾ, ಅತ್ತೆಯ ಇನ್ಸುಲಿನ್ ನಿಮ್ಮ ಫ್ರಿಜ್ಜಲ್ಲಿ ಇಡ್ಲಾ?" ಅಂದಳು. ಇಟ್ಟುಕೊಂಡೆ. ಐದಾರು ಫೋನೂ ಚಾರ್ಜಿಗೆ ಬಂದವು. ಎರಡನೇ ದಿನ ಇಡೀ ಮೋಡ. ಸಂಜೆ ನೋಡಿದರೆ ಬ್ಯಾಟರಿ ಶೇಕಡಾ 55. ರಾತ್ರಿ ನಮ್ಮ ಮನೆಯ ಲೋಡ್ ಸರಾಸರಿ 600 ವ್ಯಾಟ್. ಕಾನ್ಸಂಟ್ರೇಟರ್, ಫ್ರಿಜ್, ಎರಡು ಫ್ಯಾನ್, ದೀಪ, ರೂಟರ್, ಜೊತೆಗೆ ಇನ್ವರ್ಟರ್ ತನಗಾಗಿಯೇ ತಿನ್ನುವ 60 ವ್ಯಾಟ್. ಕಾಗದದ ಮೇಲೆ ಲೆಕ್ಕ ಹಾಕಿದೆ. ಕೊನೆಯ ಶೇಕಡಾ 10 ಬ್ಯಾಟರಿ ಕೊಡುವುದಿಲ್ಲ ಅಂತ ಬಿಟ್ಟರೆ ಏಳೂವರೆ ಗಂಟೆ ಬರಬೇಕು. ರಾತ್ರಿ ಎಂಟಕ್ಕೆ ಶುರುವಾದರೆ ಬೆಳಗಿನ ಜಾವ ಮೂರೂವರೆ. ಸಿಲಿಂಡರ್ ತಂದು ಮಂಚದ ಪಕ್ಕ ಇಟ್ಟೆ, ಕೀಲಿಯನ್ನು ಅದರ ಕುತ್ತಿಗೆಗೇ ಕಟ್ಟಿದೆ. 3:40ಕ್ಕೆ ಮೆಷಿನ್ ಕೂಗಿತು. ಅಮ್ಮನನ್ನು ಸಿಲಿಂಡರಿಗೆ ಹಾಕಿದೆ. ಅದರಲ್ಲಿ ನಾಲ್ಕೈದು ಗಂಟೆಯ ಗಾಳಿ ಇತ್ತು. ಬೆಳಗ್ಗೆ ಬಿಸಿಲು ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಧೈರ್ಯ ಹೇಳಿಕೊಂಡೆ.

ಬಿಸಿಲು ಬಂತು. ಏಳೂವರೆಗೆ ಪ್ಯಾನೆಲ್‌ಗಳ ಮೇಲೆ ಚೆನ್ನಾಗಿಯೇ ಬಿದ್ದಿತ್ತು. ಇನ್ವರ್ಟರ್ ಮಾತ್ರ ಮಂಕಾಗಿ ಕೂತಿತ್ತು. ಡಿಸ್‌ಪ್ಲೇಯಲ್ಲಿ ಬ್ಯಾಟರಿ ಸಿಗುತ್ತಿಲ್ಲ ಅನ್ನುವ ಒಂದು ಕೋಡ್, ಮತ್ತೇನೂ ಇಲ್ಲ. ಸರ್ವಿಸ್ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮೊಬೈಲ್ ಆ್ಯಪ್ ತೆರೆಯಲೇ ಇಲ್ಲ. ಅದು ಇಂಟರ್ನೆಟ್ ಇದ್ದರೆ ಮಾತ್ರ ನಡೆಯುತ್ತದೆ, ಅಷ್ಟು ಹೊತ್ತಿಗೆ ಟವರಿನ ಇಂಟರ್ನೆಟ್ಟೂ ಮಲಗಿತ್ತು. ಕರೆಂಟ್ ಹೋದಾಗ ಬೇಕಾಗುವ ಸಾಮಾನಿನ ಆ್ಯಪ್ ಕರೆಂಟ್ ಹೋದಾಗಲೇ ಕೈಕೊಡುತ್ತದೆ ಅಂದರೆ ಅದು ದೊಡ್ಡ ತಪ್ಪು. ಕಂಪನಿಯವರು ಇದನ್ನು ಓದಿದರೆ ದಯವಿಟ್ಟು ಸರಿಪಡಿಸಿ.

ಆಗಿದ್ದು ಇಷ್ಟು. ಬ್ಯಾಟರಿ ಒಳಗೆ ಬಿಎಂಎಸ್ ಅಂತ ಒಂದು ಕಾವಲುಗಾರ ಇರುತ್ತದೆ. ಸೆಲ್‌ಗಳು ತೀರಾ ಬರಿದಾದರೆ ಹಾಳಾಗುತ್ತವೆ ಅಂತ ಅದು ಬಾಗಿಲು ಹಾಕಿ ಮಲಗುತ್ತದೆ. ನಮ್ಮ ಇನ್ವರ್ಟರ್ ಹಾಕಿದ ರೀತಿಯಲ್ಲಿ, ಬ್ಯಾಟರಿ ಕಾಣದಿದ್ದರೆ ಅದು ವೋಲ್ಟೇಜ್ ಎಬ್ಬಿಸುವುದಿಲ್ಲ. ಬ್ಯಾಟರಿ ಏಳಬೇಕಾದರೆ ಇನ್ವರ್ಟರ್ ಚಾರ್ಜ್ ಕೊಡಬೇಕು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂತಿದ್ದರು. ಹಳೆಯ ಸೋಲಾರ್ ಅಂತೂ ಇವರಿಬ್ಬರನ್ನೂ ಕಾಯುತ್ತಿತ್ತು. ತಲೆಯ ಮೇಲೆ 5 ಕಿಲೋವ್ಯಾಟ್ ಪ್ಯಾನೆಲ್ ಬಿಸಿಲು ಕಾಯಿಸುತ್ತಿದ್ದವು, ಅಮ್ಮನ ಸಿಲಿಂಡರಿನ ಮುಳ್ಳು ಕೆಳಗಿಳಿಯುತ್ತಿತ್ತು.

ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿ, ಸಣ್ಣಕ್ಷರದಲ್ಲಿ, ಬ್ಯಾಟರಿಯ ಮೇಲಿನ ಗುಂಡಿಯನ್ನು ಒತ್ತಿ ಹಿಡಿಯಿರಿ ಅಂತ ಇತ್ತು. ಒತ್ತಿದೆ. ಬ್ಯಾಟರಿ ಎದ್ದಿತು, ಇನ್ವರ್ಟರ್ ಎದ್ದಿತು, ಮನೆಯ ದೀಪಗಳೆಲ್ಲ ಭಗ್ ಅಂತ ಹೊತ್ತಿದವು. ಮೂರು ಸೆಕೆಂಡಿಗೆ ಎಲ್ಲ ಆರಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಮೂರನೇ ಸಲ ಕಿವಿಗೊಟ್ಟು ಕೇಳಿದೆ. ಆರುವ ಮುಂಚೆ ಹಿತ್ತಲಿನಿಂದ ಗುರ್ ಅಂತ ಒಂದು ಸದ್ದು ಬಂತು. ನೀರಿನ ಮೋಟಾರು!

ಟ್ಯಾಂಕ್ ಖಾಲಿಯಾಗಿತ್ತು. ಆಟೋಮ್ಯಾಟಿಕ್ ಸ್ವಿಚ್ ಇರುವುದರಿಂದ ಕರೆಂಟ್ ಕಂಡ ಕೂಡಲೇ ಮೋಟಾರು ಓಡಲು ನೋಡುತ್ತಿತ್ತು. ಒಂದು ಎಚ್‌ಪಿ ಮೋಟಾರು ಓಡುವಾಗ ಎಳೆಯುವುದಕ್ಕಿಂತ ಶುರುವಾಗುವಾಗ ಐದಾರು ಪಟ್ಟು ಜಾಸ್ತಿ ಎಳೆಯುತ್ತದೆ. ಜೊತೆಗೆ ಬೆಚ್ಚಗಾಗಿದ್ದ ಫ್ರಿಜ್ಜಿನ ಕಂಪ್ರೆಸರ್. ಜೊತೆಗೆ ಕಾನ್ಸಂಟ್ರೇಟರಿನ ಕಂಪ್ರೆಸರ್. ಆಗತಾನೇ ಕಣ್ಣುಬಿಟ್ಟ ಬ್ಯಾಟರಿಯ ಮೇಲೆ ಎಲ್ಲರೂ ಒಟ್ಟಿಗೆ ಬಿದ್ದರೆ ಅದು ಏನು ಮಾಡೀತು?

ಡಿಬಿ ಬಾಕ್ಸಿನಲ್ಲಿ, ಅಂದರೆ ಮನೆಯ ವೈರುಗಳೆಲ್ಲ ಸೇರುವ ಪೆಟ್ಟಿಗೆಯಲ್ಲಿ, ಎಂಸಿಬಿ ಸ್ವಿಚ್ಚುಗಳನ್ನೆಲ್ಲ ಕೆಳಗೆ ಹಾಕಿದೆ. ಆಮೇಲೆ ಗುಂಡಿ ಒತ್ತಿದೆ. ಈ ಸಲ ನಿಂತಿತು. ಯಾವುದನ್ನೂ ಹಾಕದೆ ಇಪ್ಪತ್ತು ನಿಮಿಷ ಸುಮ್ನೆ ನಿಂತು ಬಿಸಿಲಿಗೆ ಬ್ಯಾಟರಿ ತುಂಬಿಸಲು ಬಿಟ್ಟೆ. ಆಮೇಲೆ ಅಮ್ಮನ ರೂಮು ಮಾತ್ರ. ಕಾನ್ಸಂಟ್ರೇಟರ್ ಉಸಿರಾಡಲು ಶುರು ಮಾಡಿತು, ಅಮ್ಮನ ಬೆರಳಿನ ಮೀಟರ್ ರಕ್ತದ ಆಕ್ಸಿಜನ್ ಮಟ್ಟ 93 ತೋರಿಸಿತು. ಹತ್ತು ಗಂಟೆಗೆ ಫ್ರಿಜ್. ಮೋಟಾರಿಗೆ ಮಧ್ಯಾಹ್ನದ ತನಕ ಅವಕಾಶ ಕೊಡಲಿಲ್ಲ.

ಪೂರ್ತಿ ಆರಿದ್ದನ್ನು ಹೊರಗಿನ ಕರೆಂಟ್ ಇಲ್ಲದೆ ಎಬ್ಬಿಸುವ ಈ ಕೆಲಸಕ್ಕೆ ಬ್ಲ್ಯಾಕ್ ಸ್ಟಾರ್ಟ್ ಅಂತ ಹೆಸರಿದೆ, ದೊಡ್ಡ ಗ್ರಿಡ್ಡಿನವರೂ ಇದನ್ನೇ ಮಾಡುತ್ತಾರೆ ಅಂತ ನಂತರ ಓದಿ ತಿಳಿದುಕೊಂಡೆ. ದೊಡ್ಡ ವಿದ್ಯುತ್ ಕೇಂದ್ರ ಶುರುವಾಗಬೇಕಾದರೂ ಪಂಪು, ಫ್ಯಾನು, ಕಂಟ್ರೋಲಿಗೆ ಮೊದಲು ಕರೆಂಟ್ ಬೇಕು. ಅದಕ್ಕೆ ಸಾಮಾನ್ಯವಾಗಿ ಜಲವಿದ್ಯುತ್ತನ್ನೋ ಡೀಸೆಲ್ ಜನರೇಟರನ್ನೋ ನಂಬುತ್ತಾರೆ. 28 ಸೆಪ್ಟೆಂಬರ್ 2016ರಂದು ಬಿರುಗಾಳಿಗೆ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಪೂರ್ತಿ ಕತ್ತಲಾಯಿತು, ಸುಮಾರು 8.5 ಲಕ್ಷ ಗ್ರಾಹಕರು. ಹೀಗಾದಾಗ ಎದ್ದು ನಿಲ್ಲಬೇಕು ಅಂತ ಮೊದಲೇ ಒಪ್ಪಂದವಾಗಿದ್ದ ಎರಡು ಕೇಂದ್ರಗಳು ಇದ್ದವು. ಅವೆರಡರಿಂದಲೂ ಆ ದಿನ ಆಗಲಿಲ್ಲ. ಒಂದರಲ್ಲಿ ಶುರು ಮಾಡಿಸಬೇಕಾದ ಡೀಸೆಲ್ ಜನರೇಟರೇ ಕೈಕೊಟ್ಟಿತು. ಕೊನೆಗೆ ಪಕ್ಕದ ವಿಕ್ಟೋರಿಯಾ ರಾಜ್ಯದ ಲೈನಿನಿಂದ ಕರೆಂಟ್ ತಂದು ರಾಜ್ಯವನ್ನು ಎಬ್ಬಿಸಿದರು. ಹಿತ್ತಲಿನ ಮೋಟಾರಿನ ಸದ್ದು ಕೇಳಿದವಳಿಗೆ ಇದು ಬರೀ ಸುದ್ದಿಯಾಗಿ ಕಾಣುವುದಿಲ್ಲ.

ಸಂತೋಷದ ವಿಷಯ ಅಂದರೆ ಈಗ ಚಿಕ್ಕ ಮೂಲಗಳಿಂದಲೇ ಎಬ್ಬಿಸುವುದನ್ನು ಕಲಿಯುತ್ತಿದ್ದಾರೆ. 2017ರಲ್ಲಿ ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೋದಲ್ಲಿ ಬ್ಯಾಟರಿಯಿಂದ 44 ಮೆಗಾವ್ಯಾಟ್ ಗ್ಯಾಸ್ ಟರ್ಬೈನನ್ನು ನಿಂತ ಸ್ಥಿತಿಯಿಂದ ಶುರು ಮಾಡಿ ತೋರಿಸಿದರು. 2020ರಲ್ಲಿ ಸ್ಕಾಟ್ಲೆಂಡಿನ ಡರ್ಸಾಲೋಕ್ ಗಾಳಿ ವಿದ್ಯುತ್ ಕೇಂದ್ರವನ್ನು ಬಳಸಿ ಸತ್ತ ಲೈನಿಗೆ ಜೀವ ಕೊಟ್ಟರು. ಬ್ರಿಟನ್ನಿನ ಡಿಸ್ಟ್ರಿಬ್ಯೂಟೆಡ್ ರೀಸ್ಟಾರ್ಟ್ ಯೋಜನೆ ಇದನ್ನೇ ಇನ್ನೂ ಕೆಳಮಟ್ಟದಲ್ಲಿ, ಊರಿನ ಹತ್ತಿರದ ಸಣ್ಣ ಉತ್ಪಾದಕರನ್ನು ಹಿಡಿದು ಪರೀಕ್ಷೆ ಮಾಡಿತು. ಮೊದಲು ಒಬ್ಬ ಗಟ್ಟಿ ಆಸಾಮಿ ಶ್ರುತಿ ಹಿಡಿಯಬೇಕು, ಅವರು ಅದನ್ನು ಆ್ಯಂಕರ್ ಅನ್ನುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಗಾಳಿ, ಸೋಲಾರ್, ಬ್ಯಾಟರಿ ಸೇರಿಕೊಳ್ಳಬೇಕು. ಲೋಡನ್ನೂ ತುಂಡು ತುಂಡಾಗಿ ಹಾಕಬೇಕು. ನಮ್ಮ ಡಿಬಿ ಬಾಕ್ಸ್ ಮುಂದೆ ನಿಂತು ನಾನು ಮಾಡಿದ್ದೂ ಇದೇ ಅಲ್ವಾ?

ಟೆಕ್ನಿಷಿಯನ್ ಬಂದದ್ದು ಒಂಬತ್ತು ದಿನದ ಮೇಲೆ. ಹುಡುಗ ಒಳ್ಳೆಯವನು, ಕೆಲಸ ಗೊತ್ತಿದ್ದವನು. ಅವನು ಬದಲಿಸಿದ್ದನ್ನು ಬಿಡಿಸಿ ಬರೆಯುತ್ತೇನೆ, ಕೊಳ್ಳುವವರು ಮೊದಲ ದಿನವೇ ಕೇಳಿ ಮಾಡಿಸಿಕೊಳ್ಳಿ. ಬ್ಯಾಟರಿ ಶೇಕಡಾ 20ಕ್ಕೆ ಇಳಿದ ಕೂಡಲೇ ಇನ್ವರ್ಟರ್ ಮನೆಗೆ ಕರೆಂಟ್ ನಿಲ್ಲಿಸುತ್ತದೆ, ಆದರೆ ತಾನು ಎಚ್ಚರವಾಗಿರುತ್ತದೆ. 20ರಿಂದ 10ರ ತನಕ ಉಳಿದ ಒಂದು ಯೂನಿಟ್ ಅದರ 60 ವ್ಯಾಟ್ ಹಸಿವಿಗೆ ಒಂದು ರಾತ್ರಿ ಧಾರಾಳ ಸಾಕು. ಮುಂಚೆ ಅಂಗಡಿಯವರು ಜಾಸ್ತಿ ಹೊತ್ತು ಓಡಲಿ ಅಂತ ಕೊನೆಯ ಹನಿಯ ತನಕ ಬಿಟ್ಟಿದ್ದರು. ಬೆಳಗ್ಗೆ ಬಿಸಿಲಿಗೆ ಶೇಕಡಾ 35 ತುಂಬಿದ ಮೇಲೆ ಮಾತ್ರ ಮನೆಗೆ ಕರೆಂಟ್ ಬಿಡುತ್ತದೆ. ಬ್ಯಾಟರಿ ಅಕಸ್ಮಾತ್ ಮಲಗಿದರೂ ಪ್ಯಾನೆಲ್‌ನಿಂದ ಎಬ್ಬಿಸುವ ಒಂದು ಆಯ್ಕೆ ಮೆನುವಿನಲ್ಲಿ ಮೊದಲಿನಿಂದಲೂ ಇತ್ತು, ಆನ್ ಮಾಡಿರಲಿಲ್ಲ! ಮೋಟಾರನ್ನು ಬ್ಯಾಕಪ್ ಲೈನಿನಿಂದ ಕಿತ್ತು ಹೊರಗೆ ಹಾಕಿದ. ಫ್ರಿಜ್ಜಿಗೆ ಮೂರು ನಿಮಿಷ ತಡವಾಗಿ ಶುರುವಾಗುವ ಸ್ಟೆಬಿಲೈಸರ್ ಹಾಕಿಸಿದೆ.

ಇನ್ನೊಂದು ವಿಷಯ ಅವನು ಕಂಡುಹಿಡಿದದ್ದು ನನ್ನ ಮೈ ನಡುಗಿಸಿತು. ಗ್ರಿಡ್‌ನಿಂದ ಬೇರೆಯಾದಾಗ ನ್ಯೂಟ್ರಲ್ ಮತ್ತು ಅರ್ಥಿಂಗನ್ನು ಇನ್ವರ್ಟರ್ ಕಡೆಯೇ ಸೇರಿಸಬೇಕು, ನಮ್ಮಲ್ಲಿ ಅದು ಆಗಿರಲಿಲ್ಲ. ಅಂದರೆ ಬ್ಯಾಕಪ್‌ನಲ್ಲಿ ಓಡುವಾಗ ಯಾರಿಗಾದರೂ ಶಾಕ್ ಹೊಡೆದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್) ಬೀಳುವ ಭರವಸೆ ಇರಲಿಲ್ಲ. ದಯವಿಟ್ಟು ಇದನ್ನು ತಿಳಿದ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ, ನೀವೇ ಕೈ ಹಾಕಬೇಡಿ.

ಒಂದು ತಿಂಗಳಾದ ಮೇಲೆ, ಗ್ರಿಡ್ ಕರೆಂಟ್ ಚೆನ್ನಾಗಿದ್ದ ಒಂದು ಶನಿವಾರ ರಾತ್ರಿ, ನಾನೇ ಮೇನ್ ಆಫ್ ಮಾಡಿದೆ. ತುಂಬಿದ ಸಿಲಿಂಡರ್ ಪಕ್ಕದಲ್ಲಿತ್ತು, ಏನಾದರೂ ಆದರೆ ಮೇನ್ ಹಾಕಿದರಾಯಿತು. ಬೆಳಗಿನ ಜಾವ, ಹೇಳಿದ ಹಾಗೆ ಬ್ಯಾಟರಿ ಶೇಕಡಾ 20ಕ್ಕೆ ಇಳಿದಾಗ ಮನೆ ಆರಿತು. ಅಮ್ಮ ಸಿಲಿಂಡರಿನಲ್ಲಿ ಉಸಿರಾಡುತ್ತಾ ಕುರ್ಚಿ ಹಾಕಿಕೊಂಡು ನನ್ನ ಜೊತೆಗೇ ಕೂತರು. 6:50ಕ್ಕೆ ಡಿಸ್‌ಪ್ಲೇಯಲ್ಲಿ ಪ್ಯಾನೆಲ್ ಕಡೆಯಿಂದ 40 ವ್ಯಾಟ್ ಅಂತ ಕಾಣಿಸಿತು. ಆಮೇಲೆ 90, ಆಮೇಲೆ 300. ಬ್ಯಾಟರಿ ಶೇಕಡಾ 35 ಆಗುವ ತನಕ ನಾವಿಬ್ಬರೂ ಅಂಕಿ ಏರುವುದನ್ನೇ ನೋಡುತ್ತಿದ್ದೆವು. ಟಕ್. ಅಮ್ಮನ ರೂಮಿನ ದೀಪ ಹೊತ್ತಿತು. ಗುಂಡಿ ಯಾರೂ ಮುಟ್ಟಿರಲಿಲ್ಲ. ಐದು ನಿಮಿಷದ ಮೇಲೆ ಹಳೆಯ ಸೋಲಾರೂ ಶ್ರುತಿ ಕೇಳಿಸಿಕೊಂಡು ಸೇರಿಕೊಂಡಿತು. "ಎದ್ದಿತಲ್ಲೇ!" ಅಂತ ಅಮ್ಮ ನನ್ನ ಕೈ ಹಿಡಿದರು.

ಆ ಮಧ್ಯಾಹ್ನ ಬ್ಯಾಟರಿ ತುಂಬಿದಾಗ ಇನ್ನೊಂದು ಗಮನಿಸಿದೆ. ಫ್ಯಾನಿನ ಗುಂಯ್ ಸ್ವರ ಚೂರು ಏರಿತು. ತುಂಬಿದ ಮೇಲೆ ಹೆಚ್ಚುವರಿ ಕರೆಂಟ್ ಹೋಗಲು ಜಾಗ ಇಲ್ಲ. ಹಾಗಾಗಿ ಹೈಬ್ರಿಡ್ ಬೇಕೆಂದೇ ಫ್ರೀಕ್ವೆನ್ಸಿಯನ್ನು 50 ಹರ್ಟ್ಜ್‌ನಿಂದ 51ರ ಮೇಲೆ ಏರಿಸುತ್ತದೆ. ಅದನ್ನು ಕಂಡು ಹಳೆಯ ಸೋಲಾರ್ ಇನ್ವರ್ಟರ್ ತನ್ನ ಉತ್ಪಾದನೆ ತಗ್ಗಿಸುತ್ತದೆ. ಇಬ್ಬರ ನಡುವೆ ಬೇರೆ ವೈರೂ ಇಲ್ಲ, ಇಂಟರ್ನೆಟ್ಟೂ ಬೇಡ. ಈ ಸಾಮಾನಿನಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ನಿಮ್ಮ ಹಳೆಯ ಇನ್ವರ್ಟರಿಗೆ ಈ ಭಾಷೆ ಬರುತ್ತದಾ ಅಂತ ಕೇಳದೆ ಎರಡನ್ನೂ ಸೇರಿಸಬೇಡಿ.

ಗ್ರಿಡ್ ವಾಪಸ್ ಬಂದಾಗ ಇದು ಕೂಡಲೇ ಸೇರಿಕೊಳ್ಳುವುದಿಲ್ಲ, ಐದು ನಿಮಿಷ ಕಾಯುತ್ತದೆ. ಅಮ್ಮ ಮೊದಮೊದಲು "ಬೀದಿ ದೀಪ ಬಂದಿದೆ, ಇದ್ಯಾಕೆ ಇನ್ನೂ ಬ್ಯಾಟರಿ ತಿಂತಿದೆ?" ಅಂತ ಕೇಳುತ್ತಿದ್ದರು. ಗಾಳಿಯ ಮೂರನೇ ದಿನ ಬಂದ ಕರೆಂಟ್ ಎರಡೇ ನಿಮಿಷಕ್ಕೆ ಮತ್ತೆ ಹೋಯಿತು. ಇಡೀ ಬಡಾವಣೆಯ ಫ್ರಿಜ್ಜು, ಮೋಟಾರು, ಗೀಸರ್ ಒಟ್ಟಿಗೆ ಶುರುವಾದರೆ ಫೀಡರ್, ಅಂದರೆ ಬಡಾವಣೆಗೆ ಕರೆಂಟ್ ತರುವ ಲೈನು, ತಡೆದುಕೊಳ್ಳುವುದು ಕಷ್ಟ. ಲೋಡ್ ಹಾಕದೆ ಐದು ನಿಮಿಷ ಕಾಯುವ ಮನೆಯಿಂದ ಲೈನಿಗೂ ಉಪಕಾರವೇ. ಆ ದಿನ ಕಂಬದ ಹತ್ತಿರ ಲೈನ್‌ಮನ್ ನನ್ನನ್ನು ಕರೆದು, "ನಿಮ್ಮ ಸೋಲಾರ್ ಲೈನಿಗೆ ವಾಪಸ್ ಹೊಡೆಯಲ್ಲ ತಾನೆ ಮೇಡಂ?" ಅಂತ ಕೇಳಿದರು. ಒಳಗೆ ಕರೆದುಕೊಂಡು ಹೋಗಿ, ಗ್ರಿಡ್ ಕಡೆ ಬಿಡಿಸಿಕೊಂಡಿರುವುದನ್ನು ಡಿಸ್‌ಪ್ಲೇಯಲ್ಲಿ ತೋರಿಸಿದೆ. ಅವರು ನೋಡಿ ತಲೆಯಾಡಿಸಿದರು, ಆದರೂ ಲೈನಿಗೆ ಅರ್ಥಿಂಗ್ ಸರಪಳಿ ಹಾಕಿದ ಮೇಲೆಯೇ ಕಂಬ ಹತ್ತಿದರು. ಹಾಗೇ ಮಾಡಬೇಕು.

ಇನ್ನು ಉಳಿದ ದೂರುಗಳು. ಇನ್ವರ್ಟರಿನ ಫ್ಯಾನ್ ಸದ್ದು ಜೋರು, ಮಲಗುವ ಕೋಣೆಯ ಗೋಡೆಗೆ ಹಾಕಿಸಬೇಡಿ. 60 ವ್ಯಾಟ್ ಅಂದರೆ ದಿನಕ್ಕೆ ಹತ್ತಿರ ಹತ್ತಿರ ಒಂದೂವರೆ ಯೂನಿಟ್ ಸುಮ್ನೆ ಹೋಗುತ್ತದೆ, ಅದು ಜಾಸ್ತಿಯಾಯಿತು. ಬ್ಯಾಟರಿ ಬಗ್ಗೆ ಏನೂ ದೂರಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದನ್ನು ಹಿಡಿದಿಟ್ಟದ್ದು ಆ ಬೆಳಗಿನ ಜಾವಕ್ಕೆ, ಆ್ಯಪ್‌ಗೆ ಮತ್ತು ಎತ್ತದ ಫೋನಿಗೆ. ಅಂಗಡಿಗೆ ಹೋದಾಗ ಎಷ್ಟು ಗಂಟೆ ಓಡುತ್ತೆ ಅಂತ ಕೇಳಿ, ಕೇಳಬೇಡಿ ಅನ್ನುವುದಿಲ್ಲ. ಅದರ ಜೊತೆಗೆ, ಪೂರ್ತಿ ಬರಿದಾದ ಮೇಲೆ ಗ್ರಿಡ್ ಇಲ್ಲದೆ ಬಿಸಿಲೊಂದರಿಂದಲೇ ತಾನೇ ಏಳುತ್ತಾ ಅಂತ ಕೇಳಿ, ಹಣ ಪೂರ್ತಿ ಕೊಡುವ ಮೊದಲು ನಿಮ್ಮ ಕಣ್ಣೆದುರಿಗೇ ಮಾಡಿ ತೋರಿಸಲು ಹೇಳಿ.

ನಾವು ಈಗ ಮೂರು ತಿಂಗಳಿಗೊಮ್ಮೆ ಆ ಪರೀಕ್ಷೆ ಮಾಡುತ್ತೇವೆ. ಡಿಬಿ ಬಾಕ್ಸಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಎಲ್ಲ ಕೆಳಗೆ, ಗುಂಡಿ, ಇಪ್ಪತ್ತು ನಿಮಿಷ, ಅಮ್ಮನ ರೂಮು, ದೀಪ, ಫ್ರಿಜ್. ನಾನು ಮನೆಯಲ್ಲಿ ಇಲ್ಲದಿದ್ದರೂ ಆಗಬೇಕು ಅಂತ ಪಕ್ಕದ ಮನೆಯವಳಿಗೂ ಒಮ್ಮೆ ಮಾಡಿಸಿ ತೋರಿಸಿದ್ದೇನೆ. ಅವರ ಅತ್ತೆಯ ಇನ್ಸುಲಿನ್‌ಗೆ ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಒಂದು ಜಾಗ ಖಾಯಂ ಆಗಿದೆ.